ಸವಳು ನೆಲದ ಹೊಂಡದಲ್ಲಿ ಸೀಗಡಿ: ಉಪ್ಪಿದೆ, ಪೊಟ್ಯಾಸಿಯಂ ಇಲ್ಲ

ಪ್ರಶ್ನೆ: ನಮ್ಮೂರು ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣೆಯ ಬದಿಗೆ, ಕರ್ನಾಟಕದ ಗಡಿಗೆ ಹೊಂದಿಕೊಂಡಿದೆ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಸವಳಾಗಿ, ಏನೂ ಬೆಳೆಯದೆ ಬಿದ್ದಿದ್ದ ಹೊಲದಲ್ಲಿ 20 ಗುಂಟೆಯ ಹೊಂಡ ತೆಗೆಸಿ, ಬೋರಿನ ಉಪ್ಪುನೀರು ತುಂಬಿ, ಮೊದಲ ಸಲ ವನಾಮಿ ಸೀಗಡಿಯ ಮರಿ ಬಿಟ್ಟೆವು. ನೀರಿನ ಆಳ ಸರಾಸರಿ ನಾಲ್ಕು ಅಡಿ. ಹ್ಯಾಚರಿಯವರು ನಮ್ಮ ನೀರಿನಷ್ಟೇ, ಅಂದರೆ 4 ಪಿಪಿಟಿ (ಲೀಟರಿಗೆ ಸುಮಾರು 4 ಗ್ರಾಂ ಉಪ್ಪು) ಲವಣತೆಗೆ ಒಗ್ಗಿಸಿ ಮರಿ ಕೊಟ್ಟಿದ್ದರು. ಆದರೂ ಎರಡನೆಯ ದಿನದಿಂದಲೇ ಮರಿಗಳು ಸಾಯತೊಡಗಿ, ಹತ್ತು ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋದವು. ಉಳಿದವುಗಳ ಬೆಳವಣಿಗೆ ಕುಂಠಿತವಾಗಿದೆ, ಚಿಪ್ಪು ಮೆತ್ತಗಿದೆ, ಮೇವು ತಿಂದದ್ದನ್ನು ನೋಡಲು ಇಟ್ಟ ಚೆಕ್ ಟ್ರೇ ಎತ್ತಿದಾಗ ಕೆಲವು ಮೈ ಸೆಟೆದು ಬಾಗುತ್ತವೆ. ಅಂಗಡಿಯವರ ಮಾತಿನಂತೆ ವಾರಕ್ಕೆ 20 ಕೆ.ಜಿ. ಖನಿಜ ಮಿಶ್ರಣ ಹಾಕಿದ್ದೇವೆ. ಸುಣ್ಣ ಮತ್ತು ಡಾಲೊಮೈಟನ್ನೂ ಹಾಕಿದ್ದೇವೆ. ನೀರಿನ ಪರೀಕ್ಷೆಯ ವರದಿ ಕಳಿಸಿದ್ದೇವೆ. ತಪ್ಪು ಎಲ್ಲಿದೆ, ಮುಂದಿನ ಬೆಳೆಗೆ ಏನು ಮಾಡಬೇಕು?

ಉತ್ತರ: ನೀವು ಕಳಿಸಿದ ವರದಿಯ ಪ್ರಕಾರ ನಿಮ್ಮ ಬೋರಿನ ಪ್ರತಿ ಲೀಟರ್ ನೀರಿನಲ್ಲಿ ಸೋಡಿಯಂ 1,050 ಮಿಲಿಗ್ರಾಂ, ಕ್ಲೋರೈಡ್ 1,560, ಕ್ಯಾಲ್ಸಿಯಂ 190, ಮೆಗ್ನೀಸಿಯಂ 110, ಸಲ್ಫೇಟ್ 650 ಮತ್ತು ಪೊಟ್ಯಾಸಿಯಂ ಕೇವಲ 6 ಮಿಲಿಗ್ರಾಂ ಇದೆ, ಕ್ಷಾರೀಯತೆ (ಕಾರ್ಬೊನೇಟ್, ಬೈಕಾರ್ಬೊನೇಟುಗಳ ಅಳತೆ) 320, ಪಿಎಚ್ 8.1. ಈ ಅಂಕಿಗಳ ಪೈಕಿ ನಿಮ್ಮ ಮರಿಗಳನ್ನು ಕೊಂದಿರುವ ಸಾಧ್ಯತೆ ಅತಿ ಹೆಚ್ಚಾಗಿರುವುದು ಖನಿಜಗಳ ಸಾಲಿನಲ್ಲಿ ಕೊನೆಯದಾಗಿ ಬರೆದಿರುವ, ಯಾರ ಕಣ್ಣಿಗೂ ಬೀಳದಂತಿರುವ ಆ ಪೊಟ್ಯಾಸಿಯಂ. ನಿಮ್ಮ ನೀರಿನಲ್ಲಿ ಉಪ್ಪು ಸಾಕಷ್ಟಿದೆ, ಗಡಸುತನ ಬೇಕಾದುದಕ್ಕಿಂತ ಹೆಚ್ಚಿದೆ, ಕ್ಷಾರೀಯತೆಗೆ ಕೊರತೆಯಿಲ್ಲ. ದೊಡ್ಡ ಕೊರತೆಯಿರುವುದು ಒಂದೇ ಒಂದು ಖನಿಜಕ್ಕೆ. ನೀವು ಇಲ್ಲಿಯವರೆಗೆ ಹಣ ಸುರಿದಿರುವುದು ಬಹುಮಟ್ಟಿಗೆ ಉಳಿದವುಗಳ ಮೇಲೆ.

ಮುಂದೆ ಹೋಗುವ ಮೊದಲು ವರದಿಯನ್ನು ನಂಬಬಹುದೇ ಎಂದು ನೋಡಬೇಕು, ಏಕೆಂದರೆ ತಪ್ಪು ವರದಿಯ ಮೇಲೆ ಮಾಡಿದ ಲೆಕ್ಕವು ವರದಿಯೇ ಇಲ್ಲದೆ ಗೊಬ್ಬರ ಹಾಕುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ನೀರಿನಲ್ಲಿ ಕರಗಿರುವ ಧನ ಅಯಾನುಗಳ (ಸೋಡಿಯಂ, ಕ್ಯಾಲ್ಸಿಯಂ ಮುಂತಾದವು) ಮತ್ತು ಋಣ ಅಯಾನುಗಳ (ಕ್ಲೋರೈಡ್, ಸಲ್ಫೇಟ್ ಮುಂತಾದವು) ಒಟ್ಟು ವಿದ್ಯುದಂಶ ಸಮನಾಗಿರಲೇಬೇಕು. ನಿಮ್ಮ ವರದಿಯ ಅಂಕಿಗಳನ್ನು ವಿದ್ಯುದಂಶದ ಅಳತೆಯಾದ ಮಿಲಿ ಈಕ್ವಿವಲೆಂಟಿಗೆ ಪರಿವರ್ತಿಸಿ ಕೂಡಿಸಿದರೆ ಧನ ಅಯಾನುಗಳು 64.3, ಋಣ ಅಯಾನುಗಳು 63.9 ಬರುತ್ತವೆ; ಅಂದರೆ ಪ್ರಯೋಗಾಲಯದವರು ಕೆಲಸವನ್ನು ಶ್ರದ್ಧೆಯಿಂದ ಮಾಡಿದ್ದಾರೆ. ಎರಡರ ನಡುವಿನ ಅಂತರ ನೂರಕ್ಕೆ ಹತ್ತನ್ನು ಮೀರಿದರೆ ಮಾದರಿಯನ್ನು ಮತ್ತೊಮ್ಮೆ ಪರೀಕ್ಷೆಗೆ ಕೊಡುವುದು ಒಳ್ಳೆಯದು. ಇನ್ನೊಂದು ಎಚ್ಚರಿಕೆಯೂ ಬೇಕು. ಕೆಲವು ಪ್ರಯೋಗಾಲಯಗಳು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ನೇರವಾಗಿ ಕೊಡದೆ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದ ಗಡಸುತನವಾಗಿ ಕೊಡುತ್ತವೆ. ಆಗ ಕ್ಯಾಲ್ಸಿಯಂ ಗಡಸುತನವನ್ನು 0.4ರಿಂದ, ಮೆಗ್ನೀಸಿಯಂ ಗಡಸುತನವನ್ನು 0.243ರಿಂದ ಗುಣಿಸಿದರೆ ಮಾತ್ರ ನಿಜವಾದ ಪ್ರಮಾಣ ಸಿಗುತ್ತದೆ. ನಿಮ್ಮದೇ ನೀರನ್ನು ಆ ರೀತಿಯಲ್ಲಿ ಬರೆದಿದ್ದರೆ ಕ್ಯಾಲ್ಸಿಯಂ 475, ಮೆಗ್ನೀಸಿಯಂ 453 ಎಂದಿರುತ್ತಿತ್ತು, ಎರಡೂ ಸಮಸಮ ಇವೆಯೆಂದು ನೀವು ಭಾವಿಸುತ್ತಿದ್ದಿರಿ. ಇನ್ನು ಲವಣತೆ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಇಷ್ಟು ಕಡಿಮೆ ಲವಣತೆಯಲ್ಲಿ ನಂಬಬೇಡಿ. ಅದು ಸಮುದ್ರದ ನೀರಿಗಾಗಿ ಮಾಡಿದ ಸಾಧನ, ಮತ್ತು ಅದಕ್ಕೆ ಪೊಟ್ಯಾಸಿಯಂ ಯಾವುದು, ಸೋಡಿಯಂ ಯಾವುದು ಎಂಬ ಭೇದ ಗೊತ್ತಾಗುವುದೇ ಇಲ್ಲ.

ಈಗ ನಿಮ್ಮ ನೀರನ್ನು ಸಮುದ್ರದ ನೀರಿನೊಂದಿಗೆ ಹೋಲಿಸೋಣ. ಸೀಗಡಿಯ ದೇಹವು ಸಮುದ್ರದ ನೀರಿನ ಅನುಪಾತಕ್ಕೆ ಹೊಂದಿಕೊಂಡು ರೂಪುಗೊಂಡಿದೆ. ವನಾಮಿಯು ಅರ್ಧ ಪಿಪಿಟಿಯಷ್ಟು ಕಡಿಮೆ ಲವಣತೆಯಿಂದ ಹಿಡಿದು ಸಮುದ್ರದ ಲವಣತೆಯನ್ನೂ ಮೀರಿದ ನೀರಿನವರೆಗೆ ಬದುಕಬಲ್ಲದಾದರೂ, ಲವಣಗಳ ಪರಸ್ಪರ ಅನುಪಾತ ಕೆಟ್ಟರೆ ತಡೆದುಕೊಳ್ಳುವುದಿಲ್ಲ. ಸಮುದ್ರದ ನೀರನ್ನು ಮಳೆನೀರಿನಿಂದ ತೆಳುಗೊಳಿಸುತ್ತ ಹೋದರೆ, ಪ್ರತಿ 1 ಪಿಪಿಟಿ ಲವಣತೆಗೆ ಲೀಟರಿಗೆ ಸುಮಾರು 304 ಮಿಲಿಗ್ರಾಂ ಸೋಡಿಯಂ, 39 ಮಿಲಿಗ್ರಾಂ ಮೆಗ್ನೀಸಿಯಂ, 11.6 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 10.7 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ. ಈ ಅಂಕಿಗಳನ್ನು 4ರಿಂದ ಗುಣಿಸಿದರೆ ನಿಮ್ಮ ಲವಣತೆಗೆ ಮೆಗ್ನೀಸಿಯಂ 156, ಕ್ಯಾಲ್ಸಿಯಂ 46, ಪೊಟ್ಯಾಸಿಯಂ 43 ಇರಬೇಕಿತ್ತು. ನಿಮ್ಮಲ್ಲಿ ಕ್ಯಾಲ್ಸಿಯಂ ಅದರ ನಾಲ್ಕು ಪಟ್ಟು ಇದೆ, ಮೆಗ್ನೀಸಿಯಂ ಮುಕ್ಕಾಲು ಭಾಗದಷ್ಟಿದೆ, ಪೊಟ್ಯಾಸಿಯಂ ಏಳನೆಯ ಒಂದು ಭಾಗವೂ ಇಲ್ಲ. ಸಮುದ್ರದಲ್ಲಿ ಒಂದು ಪಾಲು ಪೊಟ್ಯಾಸಿಯಮ್ಮಿಗೆ 28 ಪಾಲು ಸೋಡಿಯಂ ಇದ್ದರೆ, ನಿಮ್ಮ ಬೋರಿನಲ್ಲಿ 175 ಪಾಲು ಇದೆ. ಇದು ನಿಮ್ಮ ಊರಿಗೆ ಮಾತ್ರ ಬಂದ ಕಷ್ಟವಲ್ಲ. ಹರಿಯಾಣ ಮತ್ತು ಪಂಜಾಬಿನ ಸವಳು ಅಂತರ್ಜಲದಲ್ಲಿಯೂ ಇದೇ ಕೊರತೆ ಕಂಡುಬಂದಿದೆ. ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯ ರೋಹ್ತಕ್ ಕೇಂದ್ರವು ಅಲ್ಲಿನ ನೀರಿಗೆ ಪೊಟ್ಯಾಸಿಯಂ ಸೇರಿಸಿ ಸೀಗಡಿ ಬೆಳೆಯುವ ಕ್ರಮವನ್ನು ರೂಢಿಗೆ ತಂದಿದೆ. ಅಂತರ್ಜಲದಲ್ಲಿ ಪೊಟ್ಯಾಸಿಯಂ ಕಡಿಮೆಯಾಗಲು ಮುಖ್ಯ ಕಾರಣವೆಂದರೆ ಜೇಡಿಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಸೋಡಿಯಂ ಅನ್ನು ಅಷ್ಟಾಗಿ ಹಿಡಿಯುವುದಿಲ್ಲ.

ಪೊಟ್ಯಾಸಿಯಂ ಇಲ್ಲದಿದ್ದರೆ ಸೀಗಡಿಗೆ ಏನಾಗುತ್ತದೆ ಎಂಬುದನ್ನು ತಿಳಿದರೆ ನಿಮ್ಮ ಹೊಂಡದ ಲಕ್ಷಣಗಳೆಲ್ಲ ಅರ್ಥವಾಗುತ್ತವೆ. ವನಾಮಿಯ ರಕ್ತದ ಲವಣಾಂಶವು ಸುಮಾರು 25 ಪಿಪಿಟಿ ನೀರಿಗೆ ಸಮ. ಅದಕ್ಕಿಂತ ತೆಳುವಾದ ನೀರಿನಲ್ಲಿ ದೇಹದೊಳಕ್ಕೆ ನೀರು ನುಗ್ಗುತ್ತಲೂ ಲವಣ ಹೊರಕ್ಕೆ ಸೋರುತ್ತಲೂ ಇರುತ್ತದೆ. ಸೀಗಡಿಯು ಕಿವಿರುಗಳ ಮೂಲಕ ಲವಣವನ್ನು ಹಗಲೂ ರಾತ್ರಿ ಒಳಕ್ಕೆ ಎಳೆದುಕೊಳ್ಳುತ್ತಲೇ ಇರಬೇಕು. ಈ ಕೆಲಸ ಮಾಡುವ ಕಿಣ್ವವು ಸೋಡಿಯಂ ಮತ್ತು ಪೊಟ್ಯಾಸಿಯಂ ಎರಡನ್ನೂ ಬಳಸಿಕೊಂಡು ನಡೆಯುವಂಥದ್ದು. ಅದಕ್ಕೆ ಮೆಗ್ನೀಸಿಯಂ ಕೂಡ ಬೇಕು. ಪೊಟ್ಯಾಸಿಯಂ ಸಿಗದಿದ್ದಾಗ ಆ ಕೆಲಸ ಕುಂಟುತ್ತದೆ, ತಿಂದ ಆಹಾರದ ಶಕ್ತಿಯೆಲ್ಲ ಲವಣ ಕಾಯ್ದುಕೊಳ್ಳುವುದಕ್ಕೇ ವ್ಯಯವಾಗುತ್ತದೆ, ಸ್ನಾಯುಗಳು ಸೆಟೆಯುತ್ತವೆ. ಚಿಪ್ಪು ಕಳಚುವ ಹೊತ್ತಿನಲ್ಲಿ ಸೀಗಡಿಯ ದೇಹವು ಬಹಳಷ್ಟು ನೀರನ್ನು ಹೀರಿಕೊಳ್ಳುವುದರಿಂದ ಲವಣದ ಒತ್ತಡ ಅಂದೇ ಅತಿ ಹೆಚ್ಚಾಗಿರುತ್ತದೆ. ದುರ್ಬಲವಾದವು ಸಾಯುವುದೂ ಆ ದಿನಗಳಲ್ಲಿಯೇ. ಆದ್ದರಿಂದ ಚಿಪ್ಪು ಮೆತ್ತಗಿದೆ ಎಂದ ಕೂಡಲೇ ಕ್ಯಾಲ್ಸಿಯಂ ಕಡಿಮೆಯಿದೆ ಎಂದು ತೀರ್ಮಾನಿಸಬಾರದು. ನಿಮ್ಮ ನೀರಿನಲ್ಲಿ ಕ್ಯಾಲ್ಸಿಯಂ ತುಂಬಿ ತುಳುಕುತ್ತಿರುವಾಗಲೂ ಚಿಪ್ಪು ಗಟ್ಟಿಯಾಗದೆ ಇರುವುದಕ್ಕೆ ಕಾರಣ ಬೇರೆಡೆ ಇದೆ.

ಹ್ಯಾಚರಿಯವರು ಮರಿಗಳನ್ನು 4 ಪಿಪಿಟಿಗೆ ಒಗ್ಗಿಸಿಯೇ ಕೊಟ್ಟಿದ್ದರೂ ಅವು ಎರಡನೆಯ ದಿನದಿಂದ ಸತ್ತದ್ದೇಕೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಹ್ಯಾಚರಿಗಳು ಸಮುದ್ರದ ನೀರಿಗೆ ಸಿಹಿನೀರು ಬೆರೆಸಿ ಲವಣತೆಯನ್ನು ಇಳಿಸುತ್ತವೆ. ಲವಣತೆ 4 ಪಿಪಿಟಿಗೆ ಇಳಿದರೂ ಅನುಪಾತ ಸಮುದ್ರದ್ದೇ ಆಗಿರುತ್ತದೆ, ಪೊಟ್ಯಾಸಿಯಂ ಲೀಟರಿಗೆ 43 ಮಿಲಿಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಅಲ್ಲಿಂದ ಬಂದ ಮರಿಯನ್ನು ನಿಮ್ಮ ಹೊಂಡಕ್ಕೆ ಬಿಟ್ಟ ಕೂಡಲೇ ಲವಣತೆ ಬದಲಾಗುವುದಿಲ್ಲ, ಆದರೆ ಪೊಟ್ಯಾಸಿಯಂ 43ರಿಂದ 6ಕ್ಕೆ ಬೀಳುತ್ತದೆ. ಯಾವ ಲವಣತೆಯ ಮೀಟರೂ ಈ ಕುಸಿತವನ್ನು ತೋರಿಸುವುದಿಲ್ಲ. ಹಾಗಾಗಿ ನಿಮ್ಮ ಹ್ಯಾಚರಿಯವರನ್ನು ದೂರುವ ಕಾರಣ ನನಗೆ ಕಾಣುತ್ತಿಲ್ಲ. ಆದರೂ ಮುಂದಿನ ಸಲ ಮರಿಯ ವಯಸ್ಸನ್ನು ಕೇಳಿ ತಿಳಿದುಕೊಳ್ಳಿ. ಪಿಎಲ್ 10ರ, ಅಂದರೆ ಮರಿಯ ರೂಪ (ಪೋಸ್ಟ್ ಲಾರ್ವಾ) ತಳೆದು ಹತ್ತು ದಿನವಾದ ಮರಿಗಳು 4 ಪಿಪಿಟಿಯನ್ನು ತಾಳಿಕೊಂಡರೂ ಅದಕ್ಕಿಂತ ಕೆಳಗೆ ನಲುಗುತ್ತವೆ. ಪಿಎಲ್ 15 ತಲುಪಿದವು ಕಿವಿರುಗಳ ಬೆಳವಣಿಗೆ ಮುಂದುವರಿದಿರುವುದರಿಂದ ಇನ್ನೂ ತೆಳುವಾದ ನೀರಿನಲ್ಲಿಯೂ ಬದುಕುತ್ತವೆ. ನಿಮ್ಮಂಥ ನೀರಿಗೆ ಪಿಎಲ್ 15ಕ್ಕಿಂತ ಕಿರಿಯ ಮರಿಯನ್ನು ತರಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇನ್ನು ವಾರಕ್ಕೆ 20 ಕೆ.ಜಿ. ಖನಿಜ ಮಿಶ್ರಣದ ವಿಚಾರ. ನಿಮ್ಮ ಹೊಂಡದ ವಿಸ್ತೀರ್ಣ 20 ಗುಂಟೆ, ಅಂದರೆ 2,023 ಚದರ ಮೀಟರ್. ಆಳ ನಾಲ್ಕು ಅಡಿ, ಅಂದರೆ 1.2 ಮೀಟರ್. ಇವೆರಡನ್ನು ಗುಣಿಸಿದರೆ ಸುಮಾರು 2,430 ಘನ ಮೀಟರ್ ನೀರು. ಒಂದು ಘನ ಮೀಟರಿಗೆ 1 ಗ್ರಾಂ ಹಾಕಿದರೆ ಲೀಟರಿಗೆ 1 ಮಿಲಿಗ್ರಾಂ ಏರುತ್ತದೆ. ಆದ್ದರಿಂದ ನಿಮ್ಮ ಹೊಂಡದಲ್ಲಿ ಯಾವುದೇ ಖನಿಜವನ್ನು ಲೀಟರಿಗೆ 1 ಮಿಲಿಗ್ರಾಂ ಏರಿಸಬೇಕಾದರೆ ಆ ಖನಿಜ ಶುದ್ಧ ರೂಪದಲ್ಲಿ 2.43 ಕೆ.ಜಿ. ಬೇಕು. ಈ ಒಂದು ಅಂಕಿಯನ್ನು ಪಂಪ್ ಶೆಡ್ಡಿನ ಗೋಡೆಯ ಮೇಲೆ ಬರೆದಿಡಿ, ಉಳಿದ ಲೆಕ್ಕಗಳೆಲ್ಲ ಅದರಿಂದಲೇ ಹೊರಡುತ್ತವೆ. ನೀವು ತಂದ ಮಿಶ್ರಣದಲ್ಲಿ ನೂರಕ್ಕೆ ಐದರಷ್ಟು ಪೊಟ್ಯಾಸಿಯಂ ಇತ್ತೆಂದೇ ಇಟ್ಟುಕೊಳ್ಳೋಣ. 20 ಕೆ.ಜಿ.ಯಲ್ಲಿ ಸಿಗುವುದು 1 ಕೆ.ಜಿ. ಪೊಟ್ಯಾಸಿಯಂ, ಹೊಂಡದಲ್ಲಿ ಅದು ಲೀಟರಿಗೆ 0.4 ಮಿಲಿಗ್ರಾಂ ಆಗುತ್ತದೆ. ಬೇಕಾಗಿರುವುದು ಮೂವತ್ತಕ್ಕಿಂತ ಹೆಚ್ಚು. ಇಡೀ ಬೆಳೆಯ ಅವಧಿಗೆ ಪ್ರತಿ ವಾರ ತಪ್ಪದೆ ಹಾಕಿದರೂ ಕೊರತೆಯ ಕಾಲುಭಾಗ ಸಹ ತುಂಬುವುದಿಲ್ಲ. ಮಿಶ್ರಣಗಳೆಲ್ಲ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಮೂಲ ಕೊರತೆ ತುಂಬಿದ ಹೊಂಡದಲ್ಲಿ ಸೂಕ್ಷ್ಮ ಖನಿಜಗಳಿಗಾಗಿ ಅವುಗಳನ್ನು ಬಳಸಬಹುದು. ಆದರೆ ಚೀಲದ ಮೇಲೆ ಪ್ರತಿ ಎಕರೆಗೆ ಇಷ್ಟು ಎಂದು ಬರೆದಿರುವ ಪ್ರಮಾಣವು ನಿಮ್ಮ ನೀರನ್ನು ನೋಡಿ ಬರೆದುದಲ್ಲ, ನೀರಿನ ಆಳವನ್ನು ಕೇಳಿ ಬರೆದುದೂ ಅಲ್ಲ.

ಪೊಟ್ಯಾಸಿಯಂ ಕೊಡಲು ಅತ್ಯಂತ ಅಗ್ಗದ ಮತ್ತು ಸುಲಭವಾಗಿ ಕರಗುವ ವಸ್ತು ನಿಮ್ಮ ಕಬ್ಬಿಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅಂದರೆ ಎಂಒಪಿ ಗೊಬ್ಬರವೇ. ಚೀಲದ ಮೇಲಿನ 60 ಎಂಬ ಅಂಕಿಯು ಪೊಟ್ಯಾಸಿಯಂ ಆಕ್ಸೈಡಿನ ಲೆಕ್ಕ. ಅದರಲ್ಲಿ ನಿಜವಾದ ಪೊಟ್ಯಾಸಿಯಂ ತೂಕದ ಅರ್ಧ ಮಾತ್ರ. ನೀರಿನಲ್ಲಿರುವ 6ನ್ನು 40ಕ್ಕೆ ಏರಿಸಬೇಕಾದರೆ ಲೀಟರಿಗೆ 34 ಮಿಲಿಗ್ರಾಂ ಬೇಕು, 34ನ್ನು 2.43ರಿಂದ ಗುಣಿಸಿದರೆ ಸುಮಾರು 83 ಕೆ.ಜಿ. ಪೊಟ್ಯಾಸಿಯಂ, ಅಂದರೆ 165 ಕೆ.ಜಿ. ಎಂಒಪಿ, 50 ಕೆ.ಜಿ.ಯ ಮೂರು ಚೀಲ ಮತ್ತು ನಾಲ್ಕನೆಯದರಲ್ಲಿ ಸ್ವಲ್ಪ. ಆಗ ಸೋಡಿಯಂ ಮತ್ತು ಪೊಟ್ಯಾಸಿಯಮ್ಮಿನ ಅನುಪಾತ 26ಕ್ಕೆ 1 ಆಗಿ ಸಮುದ್ರದ ಅನುಪಾತಕ್ಕೆ ತಲುಪುತ್ತದೆ. ಕೆಂಪು ಎಂಒಪಿಯ ಬಣ್ಣ ಕಬ್ಬಿಣದ ಅಂಶದ್ದು. ಅದರಿಂದ ಹೊಂಡಕ್ಕೆ ಅಪಾಯವಿಲ್ಲ, ಆದರೆ ಬಿಳಿಯದು ಸಿಕ್ಕರೆ ಕಲ್ಮಶ ಕಡಿಮೆ. ಗೊಬ್ಬರವನ್ನು ಒಣದಾಗಿ ಎರಚದೆ, ಡ್ರಮ್ಮಿನಲ್ಲಿ ಕರಗಿಸಿ, ನೀರಿಗೆ ಗಾಳಿ ಬೆರೆಸುವ ಏರೇಟರ್ ಓಡುತ್ತಿರುವಾಗ ಹೊಂಡದ ಎಲ್ಲ ಬದಿಗೂ ಸುರಿಯಿರಿ. ಮರಿ ಬಿಡುವುದಕ್ಕೆ ಎರಡು ವಾರ ಮೊದಲೇ ಈ ಕೆಲಸ ಮುಗಿದಿರಬೇಕು.

ಎರಡು ವಾರ ಎಂದು ಹೇಳುವುದಕ್ಕೆ ಕಾರಣ ನಿಮ್ಮ ಎರೆಮಣ್ಣು. ಕೃಷ್ಣಾ ತೀರದ ಕಪ್ಪು ಮಣ್ಣಿನ ಜೇಡಿಯು ಉಬ್ಬುವ, ಬಿರುಕು ಬಿಡುವ ಜಾತಿಯದು. ಅದರ ಪದರಗಳ ನಡುವೆ ಪೊಟ್ಯಾಸಿಯಂ ಸಿಕ್ಕಿಕೊಳ್ಳುತ್ತದೆ, ಮತ್ತು ಹಾಗೆ ಸಿಕ್ಕಿಕೊಂಡದ್ದರಲ್ಲಿ ಒಂದು ಭಾಗ ಮರಳಿ ನೀರಿಗೆ ಬರುವುದಿಲ್ಲ. ಅಮೆರಿಕದ ಅಲಬಾಮಾ ರಾಜ್ಯದಲ್ಲಿಯೂ ಸಮುದ್ರದಿಂದ ದೂರದ ಉಪ್ಪುನೀರಿನ ಬಾವಿಗಳ ಆಧಾರದ ಮೇಲೆ ಸೀಗಡಿ ಬೆಳೆಯುತ್ತಾರೆ. ಅಲ್ಲಿನ ಆಬರ್ನ್ ವಿಶ್ವವಿದ್ಯಾಲಯದ ಕ್ಲಾಡ್ ಬಾಯ್ಡ್ ಮತ್ತು ಅವರ ಸಹೋದ್ಯೋಗಿಗಳು ಹೊಂಡಕ್ಕೆ ಹಾಕಿದ ಪೊಟ್ಯಾಸಿಯಂ ತಳದ ಮಣ್ಣಿಗೆ ಸೇರಿ ಕಡಿಮೆಯಾಗುವುದನ್ನು ಅಳೆದು ತೋರಿಸಿದ್ದಾರೆ. ಅದರಿಂದ ನಿಮ್ಮ ಹೊಂಡದಲ್ಲಿ 165 ಕೆ.ಜಿ. ಹಾಕಿದ ಮರುದಿನ 40 ಇದ್ದದ್ದು ವಾರದ ನಂತರ ಗಮನಾರ್ಹವಾಗಿ ಇಳಿದಿದ್ದರೆ ಪ್ರಯೋಗಾಲಯದ ತಪ್ಪೆಂದು ತಿಳಿಯಬೇಡಿ. ಮೊದಲ ಪ್ರಮಾಣ ಹಾಕಿ ಒಂದು ವಾರ ಬಿಟ್ಟು ನೀರನ್ನು ಪರೀಕ್ಷಿಸಿ, ಎಷ್ಟು ಇಳಿದಿದೆಯೋ ಅಷ್ಟನ್ನು ಮತ್ತೆ ಹಾಕಿ, ಅನಂತರ ಹದಿನೈದು ದಿನಕ್ಕೊಮ್ಮೆ ನೋಡುತ್ತಿರಿ. ಮೊದಲ ಬೆಳೆಯಲ್ಲಿ ಮಣ್ಣು ಹೆಚ್ಚು ಹೀರುತ್ತದೆ. ಬೆಳೆಯಿಂದ ಬೆಳೆಗೆ ಅದರ ಹಸಿವು ಕಡಿಮೆಯಾಗುತ್ತದೆ. ಎಚ್‌ಡಿಪಿಇ ಪ್ಲಾಸ್ಟಿಕ್ ಹಾಸು ಹಾಕಿದ ಹೊಂಡದಲ್ಲಿ ಈ ನಷ್ಟವಿಲ್ಲ, ಪಕ್ಕದ ಹೊಲಕ್ಕೆ ಉಪ್ಪುನೀರು ಜಿನುಗುವ ಭಯವೂ ಇಲ್ಲ. ಎರಡನೆಯ ಹೊಂಡ ತೆಗೆಸುವ ಯೋಚನೆಯಿದ್ದರೆ ಹಾಸಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಪೊಟ್ಯಾಸಿಯಂ ಅಳೆಯಲು ಫ್ಲೇಮ್ ಫೋಟೋಮೀಟರ್ ಬೇಕು. ಮಣ್ಣು ಪರೀಕ್ಷೆ ಮಾಡುವ ಪ್ರಯೋಗಾಲಯಗಳಲ್ಲಿ ಅದು ಸಾಮಾನ್ಯವಾಗಿ ಇರುತ್ತದೆ. ಮಾದರಿ ಕೊಡುವಾಗ ನೀರಿನಲ್ಲಿರುವ ಪೊಟ್ಯಾಸಿಯಂ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಬರೆದು ಕೇಳಿ.

ಮೆಗ್ನೀಸಿಯಂ ಕುರಿತು ಸೀಗಡಿ ಬೆಳೆಗಾರರಲ್ಲಿ ಒಂದು ಮಾತು ಬಲವಾಗಿ ಬೇರೂರಿದೆ: ಮೆಗ್ನೀಸಿಯಂ ಯಾವಾಗಲೂ ಕ್ಯಾಲ್ಸಿಯಮ್ಮಿನ ಮೂರು ಪಟ್ಟು ಇರಲೇಬೇಕು ಎಂಬುದು. ಸಮುದ್ರದಲ್ಲಿ ಹಾಗಿರುವುದು ನಿಜ. ಆದರೆ ಅದನ್ನು ನಿಮ್ಮ ಹೊಂಡಕ್ಕೆ ಅನ್ವಯಿಸಿ ನೋಡಿ. ಕ್ಯಾಲ್ಸಿಯಂ 190 ಇರುವ ನೀರಿನಲ್ಲಿ ಮೆಗ್ನೀಸಿಯಂ 570ಕ್ಕೆ ಏರಬೇಕು, ಅಂದರೆ 460 ಮಿಲಿಗ್ರಾಂ ಸೇರಿಸಬೇಕು. ಮೆಗ್ನೀಸಿಯಂ ಸಲ್ಫೇಟಿನಲ್ಲಿ ಮೆಗ್ನೀಸಿಯಂ ನೂರಕ್ಕೆ ಹತ್ತಕ್ಕಿಂತ ತುಸು ಕಡಿಮೆ ಇರುವುದರಿಂದ ಸುಮಾರು 11 ಟನ್ ಸುರಿಯಬೇಕಾಗುತ್ತದೆ. 20 ಗುಂಟೆಯ ಹೊಂಡಕ್ಕೆ ಇಷ್ಟು ಖರ್ಚು ಮಾಡಿದವನಿಗೆ ಲಾಭ ಉಳಿಯುವುದು ಸಾಧ್ಯವಿಲ್ಲ. ಕ್ಯಾಲ್ಸಿಯಂ ಸಹಜವಾಗಿಯೇ ಹೆಚ್ಚಿರುವ ಒಳನಾಡಿನ ನೀರಿನಲ್ಲಿ ಈ ಅನುಪಾತದ ಬೆನ್ನು ಹತ್ತಬಾರದು, ಮೆಗ್ನೀಸಿಯಂ ತನ್ನಷ್ಟಕ್ಕೆ ಎಷ್ಟಿದೆ ಎಂಬುದನ್ನು ನೋಡಬೇಕು. ನಿಮ್ಮಲ್ಲಿ 110 ಇದೆ, ಆದರ್ಶ 156. ಪೊಟ್ಯಾಸಿಯಂ ಸರಿಪಡಿಸಿದ ನಂತರವೂ ಸೀಗಡಿಗಳ ಮೈ ಸೆಟೆಯುವುದು ನಿಲ್ಲದಿದ್ದರೆ ಮಾತ್ರ ಈ 46ರ ಅಂತರವನ್ನು ತುಂಬಲು ಹೊರಡಿ. ಆಗಲೂ ಮೆಗ್ನೀಸಿಯಂ ಸಲ್ಫೇಟನ್ನು ಬಿಟ್ಟು ಮೆಗ್ನೀಸಿಯಂ ಕ್ಲೋರೈಡನ್ನು ಬಳಸಿ. ನಿಮ್ಮ ನೀರಿನಲ್ಲಿ ಸಲ್ಫೇಟ್ ಈಗಾಗಲೇ 650 ಇದೆ, 4 ಪಿಪಿಟಿಯ ಸಮುದ್ರದ ನೀರಿನಲ್ಲಿ ಇರುವುದರ ಎರಡು ಪಟ್ಟು. ಇನ್ನಷ್ಟು ಸೇರಿಸಿದರೆ ಆಮ್ಲಜನಕವಿಲ್ಲದ ತಳದ ಕೆಸರಿನಲ್ಲಿ ಅದು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಆಗಿ ಮಾರ್ಪಡುವ ಅವಕಾಶ ಹೆಚ್ಚುತ್ತದೆ, ಮತ್ತು ಸೀಗಡಿ ವಾಸಿಸುವುದು ತಳದಲ್ಲಿಯೇ. ಹರಳು ರೂಪದ ಮೆಗ್ನೀಸಿಯಂ ಕ್ಲೋರೈಡಿನಲ್ಲಿ ಮೆಗ್ನೀಸಿಯಂ ನೂರಕ್ಕೆ 12ರಷ್ಟಿರುತ್ತದೆ. ಪೂರ್ತಿ ಅಂತರಕ್ಕೆ ಸುಮಾರು 930 ಕೆ.ಜಿ. ಬೇಕಾಗುತ್ತದೆ, ಅದನ್ನು ಒಂದೇ ಸಲ ಹಾಕದೆ ಕಾಲುಭಾಗ ಹಾಕಿ ಫಲ ನೋಡಬಹುದು.

ಸುಣ್ಣ ಮತ್ತು ಡಾಲೊಮೈಟನ್ನು ಇಂದೇ ನಿಲ್ಲಿಸಿ. ಕ್ಷಾರೀಯತೆ 320 ಇರುವ, ಪಿಎಚ್ 8.1ರ ನೀರಿನಲ್ಲಿ ಡಾಲೊಮೈಟ್ ಕರಗುವುದಿಲ್ಲ. ಹಾಕಿದ್ದು ತಳದಲ್ಲಿ ಪುಡಿಯಾಗಿಯೇ ಉಳಿದಿರುತ್ತದೆ. ಸುಣ್ಣವು ಪಿಎಚ್ ಅನ್ನು ಏರಿಸುತ್ತದೆ, ಪಿಎಚ್ ಏರಿದಾಗ ನಿಮ್ಮಂಥ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಳಿ ಪೊರೆಯಾಗಿ ಏರೇಟರಿನ ರೆಕ್ಕೆಗಳ ಮೇಲೂ ಸೀಗಡಿಯ ಚಿಪ್ಪಿನ ಮೇಲೂ ಕೂರುತ್ತದೆ. ಅದೇ ಹೊತ್ತಿಗೆ ಮೇವಿನ ಅವಶೇಷದಿಂದ ಹುಟ್ಟುವ ಅಮೋನಿಯ ಹೆಚ್ಚು ವಿಷಕಾರಿಯಾಗುತ್ತದೆ. ಪಾಚಿ ಬಲಿತು ನೀರು ಕಡುಹಸಿರಾದ ದಿನಗಳಲ್ಲಿ ಮಧ್ಯಾಹ್ನದ ಪಿಎಚ್ ತಾನಾಗಿಯೇ ಏರುತ್ತದೆ, ಸುಣ್ಣ ಹಾಕಿ ಅದಕ್ಕೆ ಬಲ ಕೊಡಬಾರದು. ಬೋರಿನಿಂದ ಆಗತಾನೆ ಎತ್ತಿದ ನೀರಿನಲ್ಲಿ ಆಮ್ಲಜನಕ ಬಹಳ ಕಡಿಮೆಯಿದ್ದು ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ಹೊಂಡದಲ್ಲಿ ಏರೇಟರ್ ಓಡಿಸಿ ಒಂದು ವಾರ ನಿಲ್ಲಿಸಿದ ನಂತರ ಅದರ ಪಿಎಚ್, ಕ್ಷಾರೀಯತೆ, ಕ್ಯಾಲ್ಸಿಯಂ ಮೂರೂ ಬೇರೆಯಾಗಿರುತ್ತವೆ. ಅದಕ್ಕಾಗಿ ಮುಂದಿನ ವರದಿಗೆ ಬೋರಿನ ನೀರನ್ನಲ್ಲ, ಹಾಗೆ ನಿಂತ ಹೊಂಡದ ನೀರನ್ನು ಕೊಡಿ.

ಈ ಲೆಕ್ಕಗಳೆಲ್ಲ ಕಾಗದದ ಮೇಲೆ ಸರಿಯಿದ್ದರೂ ಮರಿಗಳಿಂದಲೇ ಒಪ್ಪಿಗೆ ಪಡೆಯದೆ ಹೊಂಡಕ್ಕೆ ಮರಿ ತರಬೇಡಿ. ನೂರು ಲೀಟರಿನ ಮೂರು ತೊಟ್ಟಿಗಳನ್ನು ಇಡಿ. ಮೊದಲನೆಯದರಲ್ಲಿ ಏನೂ ಸೇರಿಸದ ಬೋರಿನ ನೀರು; ಎರಡನೆಯದರಲ್ಲಿ ಅದೇ ನೀರಿಗೆ 7 ಗ್ರಾಂ ಎಂಒಪಿ ಕರಗಿಸಿದ್ದು; ಮೂರನೆಯದರಲ್ಲಿ 7 ಗ್ರಾಂ ಎಂಒಪಿಯೊಂದಿಗೆ 38 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್ ಕೂಡ. ಹ್ಯಾಚರಿಯ 4 ಪಿಪಿಟಿಯ ನೀರಿನಲ್ಲಿ ನಾಲ್ಕನೆಯ ತೊಟ್ಟಿಯೊಂದನ್ನು ಇಟ್ಟರೆ ಸಾವು ಮರಿಯ ದೌರ್ಬಲ್ಯದಿಂದಲೋ ನೀರಿನಿಂದಲೋ ಎಂಬುದು ಬೇರ್ಪಟ್ಟು ತಿಳಿಯುತ್ತದೆ. ಪ್ರತಿಯೊಂದರಲ್ಲಿ ಎಣಿಸಿದ ನೂರು ಮರಿ, ಒಂದೇ ಉಷ್ಣಾಂಶ, ಗಾಳಿಯ ಕಲ್ಲು, ಅಲ್ಪ ಮೇವು. ಮೂರು ದಿನ ನೋಡಿ. ಹ್ಯಾಚರಿ ನಿಮ್ಮಿಂದ ನೂರಾರು ಕಿಲೋಮೀಟರ್ ದೂರದ ಪೂರ್ವ ಕರಾವಳಿಯಲ್ಲಿದ್ದರೆ ನೀರನ್ನೇ ಕ್ಯಾನುಗಳಲ್ಲಿ ಅಲ್ಲಿಗೆ ಕಳಿಸಿ ಈ ಪರೀಕ್ಷೆಯನ್ನು ಅಲ್ಲಿಯೇ ಮಾಡಿಸಬಹುದು. ಎರಡನೆಯ ತೊಟ್ಟಿಯಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮರಿಗಳು ಚುರುಕಾಗಿ ಉಳಿದರೆ ಮೆಗ್ನೀಸಿಯಮ್ಮಿಗೆ ಹಣ ಹಾಕುವ ಅಗತ್ಯವಿಲ್ಲ. ಮೂರನೆಯದರಲ್ಲಿ ಮಾತ್ರ ಉಳಿದರೆ ಖರ್ಚು ಹೆಚ್ಚುತ್ತದೆ. ಎಂಒಪಿ ಹಾಕಿದ ಎರಡೂ ತೊಟ್ಟಿಗಳಲ್ಲಿ ಸತ್ತು ಹ್ಯಾಚರಿಯ ನೀರಿನಲ್ಲಿ ಮಾತ್ರ ಬದುಕಿದರೆ ಖನಿಜವಲ್ಲದ ಬೇರೆ ಕಾರಣವನ್ನು ಹುಡುಕಬೇಕು, ಆಗ ನನ್ನ ಮೊದಲ ಅನುಮಾನ ಕಬ್ಬಿನ ಹೊಲದಿಂದ ಬಸಿದು ಬರುವ ಕೀಟನಾಶಕದ ಮೇಲೆ. ಗೊಣ್ಣೆಹುಳು, ಕಾಂಡಕೊರಕಗಳಿಗೆ ಹಾಕುವ ಫಿಪ್ರೊನಿಲ್‌ನಂಥ ಔಷಧಗಳು ಸೀಗಡಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ.

ಈಗ ಹೊಂಡದಲ್ಲಿ ಉಳಿದಿರುವ ಸೀಗಡಿಗಳನ್ನು ಕೈಬಿಡಬೇಕಾಗಿಲ್ಲ. 165 ಕೆ.ಜಿ. ಎಂಒಪಿಯನ್ನು ನಾಲ್ಕೈದು ದಿನಗಳಲ್ಲಿ ಹಂಚಿ ಹಾಕಿ. ಸೆಟೆಯುವುದು ಕಡಿಮೆಯಾಗಿ ಮೇವು ತಿನ್ನುವುದು ಹೆಚ್ಚಿದರೆ ಕಾರಣವನ್ನು ಸರಿಯಾಗಿ ಗುರುತಿಸಿದ್ದೇವೆಂದು ತಿಳಿಯಬಹುದು. ಮೇವಿನಲ್ಲಿ ಪೊಟ್ಯಾಸಿಯಂ ಬೆರೆಸಿ ಕೊಡುವುದರಿಂದ ಸ್ವಲ್ಪ ನೆರವಾಗುತ್ತದೆ, ಆದರೆ ನೀರಿನ ಕೊರತೆಯನ್ನು ಅದು ಪೂರ್ತಿಯಾಗಿ ತುಂಬುವುದಿಲ್ಲ.

ಬೇಸಿಗೆಯಲ್ಲಿ ನೀರು ಆವಿಯಾದಾಗ ಉಪ್ಪು ಹಿಂದುಳಿಯುತ್ತದೆ. ಅದರ ಮೇಲೆ ಬೋರಿನ ನೀರು ಸೇರಿಸಿದಾಗ ಸೋಡಿಯಂ ಮತ್ತಷ್ಟು ಏರುತ್ತದೆ, ಪೊಟ್ಯಾಸಿಯಂ ಏರುವುದಿಲ್ಲ. ಹೊಂಡಕ್ಕೆ 10 ಸೆಂಟಿಮೀಟರ್ ಬೋರಿನ ನೀರು ಬಿಟ್ಟಾಗಲೆಲ್ಲ ಜೊತೆಗೆ 14 ಕೆ.ಜಿ. ಎಂಒಪಿ ಹಾಕುವುದನ್ನು ನಿಯಮ ಮಾಡಿಕೊಳ್ಳಿ. ಕಾಲುವೆಯ ಸಿಹಿನೀರು ಸಿಗುವುದಾದರೆ ಆವಿಯಾದಷ್ಟನ್ನು ಅದರಿಂದ ತುಂಬುವುದು ಇನ್ನೂ ಉತ್ತಮ, ಅದು ಕಬ್ಬಿನ ಹೊಲ ಹಾದು ಬಂದುದಾಗಿರದಿದ್ದರೆ. ಮಳೆಯು ಎಲ್ಲ ಲವಣಗಳನ್ನೂ ಒಂದೇ ಸಮನೆ ತೆಳುಗೊಳಿಸುವುದರಿಂದ ಅನುಪಾತ ಕೆಡುವುದಿಲ್ಲ, ಆದರೆ ಜೋರು ಮಳೆಯ ಸಿಹಿನೀರು ಮೇಲ್ಪದರದಲ್ಲಿ ನಿಂತು ತಳದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ; ಏರೇಟರ್ ಓಡಿಸುತ್ತಲೇ ಇರಬೇಕು.

ಬೆಳೆಯ ಕಾಲದ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಮ್ಮ ಕಡೆಯ ಚಳಿಗಾಲದ ರಾತ್ರಿಗಳು ವನಾಮಿಗೆ ತಂಪಾದವು. ಮಳೆಗಾಲದ ನಡುವಿನಲ್ಲಿ ಕೃಷ್ಣೆ ಮತ್ತು ಪಂಚಗಂಗೆ ಎರಡೂ ಉಕ್ಕುತ್ತವೆ. 2005, 2019 ಮತ್ತು 2021ರ ಮಹಾಪೂರಗಳನ್ನು ನಿಮ್ಮ ತಾಲೂಕು ಮರೆತಿಲ್ಲ. ಮಾರ್ಚ್ ಆರಂಭದಲ್ಲಿ ಮರಿ ಬಿಟ್ಟು ಜೂನ್ ಮುಗಿಯುವುದರೊಳಗೆ ಹಿಡಿದು ಮುಗಿಸುವ, ವರ್ಷಕ್ಕೆ ಒಂದೇ ಬೆಳೆ ನಿಮಗೆ ಸುರಕ್ಷಿತ. ಹೊಂಡವು ಪೂರರೇಖೆಯ ಒಳಗಿದ್ದರೆ ಅಲ್ಲಿ ವನಾಮಿ ಬೆಳೆಯಲೇಬಾರದು. ಪೆಸಿಫಿಕ್ ತೀರದ ಈ ಪರದೇಶಿ ತಳಿಯನ್ನು ಭಾರತದಲ್ಲಿ 2009ರಿಂದ ಬೆಳೆಯುತ್ತಿರುವುದು ಕಟ್ಟುಪಾಡುಗಳ ಮೇಲೆ. ರೋಗದೊಂದಿಗೆ ಅದು ನದಿಗೆ ಸೇರಿದರೆ ನಷ್ಟ ನಿಮ್ಮೊಬ್ಬರದಾಗಿ ಉಳಿಯುವುದಿಲ್ಲ. ಮೀನುಗಾರಿಕೆ ಇಲಾಖೆಯ ಅನುಮತಿ ಪಡೆಯಿರಿ, ಕರಾವಳಿ ಜಲಕೃಷಿ ಪ್ರಾಧಿಕಾರದಲ್ಲಿ ನೋಂದಣಿಯಾದ ಹ್ಯಾಚರಿಯಿಂದಲೇ ಮರಿ ತನ್ನಿ, ಮೊದಲ ಬೆಳೆಗೆ ಚದರ ಮೀಟರಿಗೆ ಇಪ್ಪತ್ತರಂತೆ ಒಟ್ಟು 40,000 ಮರಿಗಿಂತ ಹೆಚ್ಚು ಬಿಡಬೇಡಿ. ತೆಳುವಾದ ಉಪ್ಪುನೀರಿನಲ್ಲಿ ಅಮೋನಿಯ ಮತ್ತು ನೈಟ್ರೈಟಿನ ವಿಷ ಕಡಲತೀರದ ಹೊಂಡಗಳಿಗಿಂತ ಬೇಗ ತಟ್ಟುತ್ತದೆ, ಆದ್ದರಿಂದ ಕರಾವಳಿಯವರ ಸಾಂದ್ರತೆಯನ್ನು ಅನುಕರಿಸುವುದು ಸಲ್ಲದು.

ಸೀಗಡಿ ಹಿಡಿದ ನಂತರ ನೀರನ್ನು ಹಳ್ಳಕ್ಕಾಗಲಿ ಪಕ್ಕದವರ ಕಬ್ಬಿನ ಕಡೆಗಾಗಲಿ ಬಿಡಬೇಡಿ. ಆ ನೀರು ಸುತ್ತಲಿನ ಹೊಲಗಳನ್ನೂ ನಿಮ್ಮದರಂತೆಯೇ ಸವಳಾಗಿಸುತ್ತದೆ, ಮತ್ತು ನೀವು ಹಣ ಕೊಟ್ಟು ಕರಗಿಸಿದ ಪೊಟ್ಯಾಸಿಯಂ ಅದರೊಂದಿಗೆ ಹರಿದುಹೋಗುತ್ತದೆ. ಹೊಂಡದ ಪಕ್ಕದಲ್ಲಿ ಐದಾರು ಗುಂಟೆಯ, ಸಾಧ್ಯವಾದಷ್ಟು ಆಳದ ಸಂಗ್ರಹ ತೊಟ್ಟಿ ಮಾಡಿಸಿ ಹಿಡಿಸುವಷ್ಟು ನೀರನ್ನು ಅಲ್ಲಿಗೆ ಎತ್ತಿ ಹಾಕಿ, ಹೊಂಡದ ತಳವನ್ನು ಬಿಸಿಲಿಗೆ ಒಣಗಿಸಿ, ಕೆಸರನ್ನು ಹೊರತೆಗೆದ ಮೇಲೆ ಅದೇ ನೀರನ್ನು ಮರಳಿ ಬಳಸಿ. ಮರಿ ಬಿಡುವುದಕ್ಕೆ ಮುಂಚೆ ಅದನ್ನು ಹೊಸದಾಗಿ ಪರೀಕ್ಷಿಸಿ, ಆ ವರದಿಯ ಪೊಟ್ಯಾಸಿಯಂ ಮತ್ತು ಸೋಡಿಯಂ ಅಂಕಿಗಳ ಮೇಲೆಯೇ ಎರಡನೆಯ ಬೆಳೆಯ ಚೀಲಗಳ ಲೆಕ್ಕ ಹಾಕಿ.